101 ಬಾವಿಯ ಲೆಕ್ಕ

ಲಕ್ಕುಂಡಿಯಲ್ಲಿ 101 ಗುಡಿ, 101 ಬಾವಿ ಎಂದು ಆ ಕಡೆಯವರು ಹೇಳುತ್ತಲೇ ಬಂದಿದ್ದಾರೆ. ನಾನು 30 ವರ್ಷ ಬ್ಯಾಂಕಿನ ಕೌಂಟರಿನಲ್ಲಿ ನೋಟು ಎಣಿಸಿದವನು. ಎಣಿಸದೆ ಯಾವುದಕ್ಕೂ ಸಹಿ ಹಾಕಿದ ಆಸಾಮಿಯಲ್ಲ. ಗದುಗಿನಿಂದ ಬಂದ ಬಸ್ಸಿನಿಂದ ಇಳಿದವನೇ ಡೈರಿ ತೆಗೆದೆ. ಹೆಂಡತಿ ಛತ್ರಿ ತೆಗೆದಳು.

ಮೊದಲು ಬ್ರಹ್ಮ ಜಿನಾಲಯ. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ್ದು. ಪೊನ್ನನ ಶಾಂತಿಪುರಾಣವನ್ನು 1000 ಪ್ರತಿ ಬರೆಸಿ ಹಂಚಿದ ಮಹಾತಾಯಿ ಆಕೆ, ಅದೂ ಓಲೆಗರಿಯ ಕಾಲದಲ್ಲಿ! ನನ್ನ ಪ್ರಬಂಧ ಸಂಕಲನದ 500 ಪ್ರತಿಗಳಲ್ಲಿ 460 ಇನ್ನೂ ನಮ್ಮನೆ ಅಟ್ಟದ ಮೇಲಿವೆ. ಕೈಮುಗಿದೆ, ನಿಜ, ಭಕ್ತಿಗಿಂತ ಹೊಟ್ಟೆಕಿಚ್ಚೇ ಒಂದು ತೂಕ ಹೆಚ್ಚಿತ್ತು.

ಮಣಿಕೇಶ್ವರ ಗುಡಿಯ ಮಗ್ಗುಲಿಗೆ ಮುಸುಕಿನ ಬಾವಿ. ಮೆಟ್ಟಿಲಿಳಿದರೆ ಗೋಡೆಯಲ್ಲಿ ಪುಟ್ಟ ಪುಟ್ಟ ಗುಡಿಗಳು, ಗೊಂಬೆ ಕೂರಿಸಲು ಮಾಡಿದ ಹಾಗೆ. ಇವನ್ನು ಬಾವಿಯ ಖಾತೆಗೆ ಹಾಕುವುದೋ, ಗುಡಿಯ ಖಾತೆಗೋ? ಲೆಕ್ಕ ಅಲ್ಲೇ ಹದಗೆಟ್ಟಿತು.

ಸಂಜೆಯವರೆಗೆ ಅಲೆದು ಏಳು ಬಾವಿಯಾಯಿತು. ಕಟ್ಟೆಯ ಮೇಲೆ ಕೂತಿದ್ದ ಅಜ್ಜನನ್ನು ಕೇಳಿದೆ. "ಹೊಲದಾಗ ಒಂದ ಐತ್ರಿ. ಬದುವಿಗುಂಟ ಹೋಗ್ರಿ, ಇಲ್ಲೇ."

ಆ ಸೀಮೆಯ "ಇಲ್ಲೇ" ಎಷ್ಟು ದೂರವೆಂಬುದನ್ನು ಯಾವ ಶಾಸನವೂ ಹೇಳಿಲ್ಲ. ಹಿಂದಿನ ರಾತ್ರಿ ಮಳೆ ಬೇರೆ ಬಿದ್ದಿತ್ತು. ಮಳೆಯುಂಡ ಎರೆಮಣ್ಣು ಹಳೇ ಸಾಲಗಾರನ ಹಾಗಲ್ಲ, ಹಿಡಿದರೆ ಬಿಡುವುದಿಲ್ಲ. ಹತ್ತು ಹೆಜ್ಜೆಗೆ ಬೂಟು ಒಂದೊಂದೂ ಎರಡು ಕಿಲೋ ಆದವು. ಮದುವೆಯಾದ ಮೇಲೆ ಮೊದಲ ಸಲ ಹೆಂಡತಿಗಿಂತ ಎತ್ತರವಾದೆ. ಆ ಸುಖ ಬಹಳ ಹೊತ್ತು ಉಳಿಯಲಿಲ್ಲ. ಎಡಗಾಲು ಮುಂದೆ ಬಂತು, ಬೂಟು ಹಿಂದೆ ಉಳಿಯಿತು. ಹೆಂಡತಿ ಮಾತಾಡದೆ ಛತ್ರಿಯ ಕೊಕ್ಕೆ ಹಾಕಿ ಅದನ್ನು ಎಳೆದುಕೊಟ್ಟಳು.

ಕಡಲೆಯ ಕುಡಿ ಚಿವುಟುತ್ತಿದ್ದ ಅಜ್ಜಿಯೊಬ್ಬಳು ಬಾಯಿಗೆ ಸೆರಗು ಅಡ್ಡ ಹಿಡಿದಳು. "ಎರಿ ಹೊಲಕ್ಕ ಬೂಟ ಹಾಕ್ಕೊಂಡ ಬರ್ತಾರೇನೋ ಯಪ್ಪಾ? ಕೈಯಾಗ ಹಿಡಕೊಂಡ ನಡಿ."

ಬಾವಿ ನೋಡಲು ಬಂದೆ, ಎಣಿಸುತ್ತಿದ್ದೇನೆ ಎಂದೆ.

"ಎಷ್ಟಾದವು?"

"ಏಳು."

"ನಮ್ಮ ಹಿತ್ತಲದಾಗ ಒಂದ ಐತಿ. ಬರಕೋ. ನೋಡೂದೇನ ಬ್ಯಾಡ."

ಒಂದು ಕೈಯಲ್ಲಿ ಬೂಟು ಹಿಡಿದುಕೊಂಡೇ ಡೈರಿ ಬಿಚ್ಚಿ, 8 ಎಂದು ಬರೆದು ಸಹಿ ಹಾಕಿದೆ.