ಗಂಡುವೇಷಕ್ಕೆ ಫುಲ್ ಟಿಕೆಟ್

ದಾಂಡೇಲಿಯಲ್ಲಿ ಕಾಗದ ತಯಾರಾಗುತ್ತದೆ. ಅದರ ಮೇಲೆ ಅಚ್ಚಾದದ್ದರ ಬಗ್ಗೆ ಅಭಿಪ್ರಾಯ ಮಾತ್ರ ಜೋಯಿಡಾದಿಂದ ಮುಂಡಗೋಡದವರೆಗೆ ಎಲ್ಲೆಡೆ ತಯಾರು.

ಜಾರ್ಜೆಟ್ ಹೇಯರ್ ಅವರ 'ದಿ ಕೊರಿಂಥಿಯನ್' (1940) ಇಲ್ಲಿನ ಓದುಗರ ಕೈಗೆ ಸಿಕ್ಕಿತೆನ್ನಿ. ಕಥೆಯ ಕಾಲ ಇಂಗ್ಲೆಂಡಿನ ರೀಜೆನ್ಸಿ, ಅಂದರೆ 1811–1820. ಒಲ್ಲದ ಮದುವೆ ತಪ್ಪಿಸಿಕೊಳ್ಳಲು ಪೆನೆಲೊಪಿ ಗಂಡುಬಟ್ಟೆ ತೊಟ್ಟು ಕಿಟಕಿಯಿಂದ ಇಳಿಯುತ್ತಾಳೆ. ಕೆಳಗೆ ಸರ್ ರಿಚರ್ಡ್ ಸಿಗುತ್ತಾನೆ. ಮುಂದೆ ಕುದುರೆಗಾಡಿ ಪ್ರಯಾಣ, ಕಳವಾದ ವಜ್ರದ ಹಾರ, ಒಂದು ಕೊಲೆ.

ಹಳಿಯಾಳದ ಓದುಗಿಯ ತಕರಾರು ಬೇರೆಯೇ ಇದ್ದೀತು: "2023ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ. ಗಂಡುವೇಷ ಹಾಕಿ ಫುಲ್ ಟಿಕೆಟ್ ತೆಗೆಸುವವಳಿಗೆ ಬುದ್ಧಿ ಬೇಡವೇ?"

ಪಕ್ಕದ ಸೀಟಿನ ಯಕ್ಷಗಾನಪ್ರಿಯರಿಗೆ ವೇಷದ ಬಗ್ಗೆ ಚಕಾರವಿಲ್ಲ. ಮೀಸೆ ಬೋಳಿಸಿದ ಗಂಡಸು ದ್ರೌಪದಿಯಾಗುವುದನ್ನು ಬೆಳಗಿನವರೆಗೆ ನೋಡಿದವರು ಅವರು. "ಹುಡುಗಿ ಸರಿ, ಚಂಡೆ ಎಲ್ಲಿ?"