ತ್ಯಾಗರಾಜನಗರದಲ್ಲಿ ವೈಫೈ ಉಂಛವೃತ್ತಿ

ನಮ್ಮನೆ ಹಾಲ್‌ನಲ್ಲಿ ದೇವರ ಪಟದ ಪಕ್ಕದಲ್ಲೇ ಇಂಟರ್ನೆಟ್ ಡಬ್ಬಿ ಇದೆ. ಬೆಳಗ್ಗೆ ಎದ್ದ ಕೂಡಲೇ ಅಮ್ಮ ಪಟಕ್ಕೆ ಕೈ ಮುಗಿಯುತ್ತಾರೆ, ನಾನು ಡಬ್ಬಿಗೆ. ಹಸಿರು ದೀಪ ಉರಿಯುತ್ತಿದ್ದರೆ ಅವತ್ತಿನ ಅನ್ನಕ್ಕೆ ದಾರಿಯಾಯಿತು ಅಂತ ಲೆಕ್ಕ.

ಕಳೆದ ಏಪ್ರಿಲ್‌ನ ಒಂದು ಸೋಮವಾರ. ಅಮ್ಮ ಟೆರೇಸಿನಲ್ಲಿ ಅರಳು ಸಂಡಿಗೆ ಇಟ್ಟಿದ್ದರು. ಕಾಗೆ ಕಾವಲಿನ ಹೊಣೆ ನನ್ನದು. ಅಪ್ಪನ ಕಾಲದ ಕಪ್ಪು ಛತ್ರಿ ಬಿಚ್ಚಿ, ಗಾಳಿಗೆ ಹಾರದ ಹಾಗೆ ಭದ್ರವಾಗಿ ಕಟ್ಟಿ, ವರ್ಷಕ್ಕೊಂದೇ ಮನೆಗೆಲಸ ಮಾಡಿದ ಗಂಡಸಿನ ಗತ್ತಿನಲ್ಲಿ ಇಳಿದು ಬಂದೆ. ಹತ್ತಕ್ಕೆ ಮೀಟಿಂಗ್. ಲ್ಯಾಪ್‌ಟಾಪ್ ತೆಗೆಯುತ್ತೇನೆ, ಡಬ್ಬಿಯ ಮೇಲೆ ಕೆಂಪು ದೀಪ ಕಣ್ಣು ಮಿಟುಕಿಸುತ್ತಿದೆ. ಕೆಳಗೆ ಮೂರೇ ಇಂಗ್ಲಿಷ್ ಅಕ್ಷರ: ಎಲ್, ಓ, ಎಸ್. ಲಾಸ್ ಆಫ್ ಸಿಗ್ನಲ್ ಅನ್ನುವುದರ ಚುಟುಕು. ಅಮ್ಮ ಕನ್ನಡಕ ಏರಿಸಿಕೊಂಡು ಓದಿದರು.

"ಲಾಸ್ ಅಂತ ಬರೆದಿದೆಯಲ್ಲೋ. ಲಾಭದ ದೀಪ ಯಾವುದು?"

ಡಬ್ಬಿ ಆರಿಸಿ ಹಾಕಿದೆ. ಹಾಕಿ ಆರಿಸಿದೆ. ವೈರು ಕಿತ್ತು ಊದಿ ಮತ್ತೆ ಚುಚ್ಚಿದೆ. ಊದುವುದರಿಂದ ಏನೂ ಆಗುವುದಿಲ್ಲ ಅಂತ ಗೊತ್ತು. ಟೇಪ್ ರೆಕಾರ್ಡರ್ ಕಾಲದ ಅಭ್ಯಾಸ. ಆಮೇಲೆ ಕಾರಣ ಹುಡುಕುವ ಕೆಲಸಕ್ಕೆ ಕೂತೆ. ಇದರಲ್ಲಿ ನಾನು ಗಟ್ಟಿಗ.

"ಅಳಿಲು ಕಡಿದಿರಬೇಕು. ಇಲ್ಲವೇ ಸಮುದ್ರದ ತಳದಲ್ಲಿ ಕೇಬಲ್ ತುಂಡಾಗಿರಬೇಕು. 2008ರ ಜನವರಿಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಹತ್ತಿರ ಹಾಗೇ ಆಗಿ, ಇಂಡಿಯಾದಲ್ಲೆಲ್ಲ ನೆಟ್ ತೆವಳಿತ್ತು" ಎಂದು ಹೆಂಡತಿಗೆ ವಿವರಿಸಿದೆ.

"ರೀ, ಎದುರು ಮನೆ ಮೇಷ್ಟ್ರು ಯೂಟ್ಯೂಬಲ್ಲಿ ಪ್ರವಚನ ಕೇಳ್ತಿದ್ದಾರೆ. ಅವರದು ಬೇರೆ ಸಮುದ್ರಾನಾ?"

ಉತ್ತರ ಹೊಳೆಯದೆ ಮ್ಯಾನೇಜರಿಗೆ ಫೋನ್ ಮಾಡಿ, "ನೆಟ್ ಹೋಗಿದೆ ಸಾರ್" ಅಂದೆ. ಇಲ್ಲಿ ನನ್ನ ಪೂರ್ವಚರಿತ್ರೆ ಸ್ವಲ್ಪ ಹೇಳಬೇಕು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಮನೆಯೇ ಆಫೀಸಾದ ದಿನದಿಂದ ಈ ಮೂರು ಪದ ನನ್ನ ಆಪದ್ಬಾಂಧವ. ಬಿಸಿಬೇಳೆಬಾತ್ ಉಂಡು ಕಣ್ಣು ಎಳೆದರೆ ನೆಟ್ ಹೋಗುತ್ತಿತ್ತು. ಕಾರ್ತಿಕದ ಕೊನೆಯ ಸೋಮವಾರ ಬುಲ್ ಟೆಂಪಲ್ ರಸ್ತೆಯಲ್ಲಿ ಕಡಲೆಕಾಯಿ ಪರಿಷೆ ಅಂದರಂತೂ ಬೆಳಗ್ಗಿನಿಂದಲೇ ಹೋಗುತ್ತಿತ್ತು. ಒಂದು ವರ್ಷ ಮಾತ್ರ ಎಡವಟ್ಟಾಯಿತು: ನೆಟ್ ಇಲ್ಲದ ಮನುಷ್ಯ ಕಡಲೆಕಾಯಿ ರಾಶಿಯ ಮುಂದೆ ನಿಂತ ಫೋಟೊವನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿಬಿಟ್ಟಿದ್ದೆ.

ಮ್ಯಾನೇಜರು ಕೋಪಿಸಿಕೊಳ್ಳಲಿಲ್ಲ. ತಣ್ಣಗೆ ಕೇಳಿದರು: "ಈ ಸಲ ಯಾವ ಪರಿಷೆ?"

ತೋಳ ಬಂತು ತೋಳ ಅಂತ ಕೂಗಿದ ಹುಡುಗನಿಗಾದರೂ ನಿಜವಾದ ತೋಳವಿತ್ತು ಅನ್ನುವ ಸಾಕ್ಷಿ ಆಮೇಲೆ ಸಿಕ್ಕಿತು. ನನ್ನ ತೋಳ ಕೆಂಪು ದೀಪ ಬಿಟ್ಟರೆ ಬೇರೇನೂ ತೋರಿಸುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿದೆ. ಹಾಲ್‌ನಲ್ಲಿ ಒಂದು ಕಡ್ಡಿ, ಬಚ್ಚಲಲ್ಲಿ ಎರಡು. ಬಚ್ಚಲಿಂದ ಮೀಟಿಂಗ್ ಮಾಡುವಷ್ಟು ಇನ್ನೂ ಇಳಿದಿಲ್ಲ ಅಂದುಕೊಂಡು ಟೆರೇಸಿಗೆ ಹತ್ತಿದೆ. ಬಿಸಿಲು ನೆತ್ತಿ ಸುಡುತ್ತಿತ್ತು. ಪುಣ್ಯಕ್ಕೆ ನಾನೇ ಕಟ್ಟಿದ ಛತ್ರಿ ಇತ್ತು. ಅದರ ನೆರಳಲ್ಲಿ ನಿಂತು, ನೆಟ್‌ನವರನ್ನೂ ಅವರ ಏಳು ತಲೆಮಾರನ್ನೂ ಮನಸಾರೆ ಬೈದು ದೂರು ದಾಖಲಿಸಿದೆ.

ಇನ್ನುಳಿದದ್ದು ಮೇಷ್ಟ್ರ ಮನೆ. ತ್ಯಾಗರಾಜನಗರದ ಹೆಸರು ಕೇಳಿದರೆ ಆ ವಾಗ್ಗೇಯಕಾರರು ನೆನಪಾಗದೆ ಇರುತ್ತಾರೆಯೇ? ಅವರು ತಿರುವೈಯಾರಿನ ಬೀದಿಗಳಲ್ಲಿ ಹಾಡುತ್ತಾ ಹೋಗಿ, ಮನೆಯವರು ಕೊಟ್ಟ ಅಕ್ಕಿಯಲ್ಲಿ ಜೀವನ ಸಾಗಿಸಿದವರು. ಉಂಛವೃತ್ತಿ ಅನ್ನುತ್ತಾರೆ ಅದಕ್ಕೆ. ನಾನೂ ಲ್ಯಾಪ್‌ಟಾಪನ್ನು ಜೋಳಿಗೆಯಂತೆ ಎದೆಗವಚಿಕೊಂಡು ಹೊರಟೆ. ವ್ಯತ್ಯಾಸ ಇಷ್ಟೇ: ಅವರಿಗೆ ಹಾಡಲು ಬರುತ್ತಿತ್ತು.

"ಪಾಸ್‌ವರ್ಡಾ? ಬರ್ಕೊಳ್ಳಪ್ಪ. ರಾಘವೇಂದ್ರ, ಆಮೇಲೆ 1671. ರಾಯರು ಮಂತ್ರಾಲಯದಲ್ಲಿ ಬೃಂದಾವನಸ್ಥರಾದ ವರ್ಷ. ಮರೀಬಾರದು."

ಹಾಕಿದೆ. ತಪ್ಪು ಅಂತ ಬಂತು. ಮೂವತ್ತು ವರ್ಷ ಕನ್ನಡ ಪಾಠ ಮಾಡಿದ ಮೇಷ್ಟ್ರು ಕುರ್ಚಿ ಎಳೆದು ಪಕ್ಕಕ್ಕೆ ಕೂತರು.

"ರಾ ದೀರ್ಘ ತಾನೇ? ಎರಡು ಎ ಹಾಕಬೇಕು. ಘ ಯಾವ ಪ್ರಾಣ?"

"ಮಹಾಪ್ರಾಣ, ಸಾರ್."

"ಮತ್ತೆ ಎಚ್ ಎಲ್ಲಿ? ನಿಮ್ಮ ಕಾಲದವರಿಗೆ ಅಲ್ಪಪ್ರಾಣವೇ ಗತಿ."

ಮಹಾಪ್ರಾಣ ಸೇರಿ ವೈಫೈ ಹತ್ತುವಷ್ಟರಲ್ಲಿ ಮೀಟಿಂಗ್ ಮುಗಿದಿತ್ತು. ಮೇಷ್ಟ್ರ ಹೆಂಡತಿ ಕೊಟ್ಟ ಕಾಫಿ ಕುಡಿದು ಅಲ್ಲೇ ಮಧ್ಯಾಹ್ನದವರೆಗೆ ಕೂತೆ. ನಾಲ್ಕು ಜನ ಸಹೋದ್ಯೋಗಿಗಳು ನನ್ನ ಹಿನ್ನೆಲೆಯಲ್ಲಿ ಪ್ರವಚನ ಕೇಳಿಸಿಕೊಂಡು ಪಾವನರಾದರು.

ನಾಲ್ಕು ಗಂಟೆಗೆ ಲೈನ್ ನೋಡುವ ಹುಡುಗ ಬಂದ. ಹೆಗಲಿಗೆ ಒಂದು ಬ್ಯಾಗು, ಕಿವಿಯಲ್ಲಿ ಫೋನು. ನಾನು ಬೆಳಗ್ಗಿನಿಂದ ಮಸೆದಿಟ್ಟಿದ್ದ ಭಾಷಣ ಶುರು ಮಾಡಿದೆ: ಗ್ರಾಹಕನೆಂದರೆ ಯಾರು, ಅಳಿಲುಗಳ ನಿಯಂತ್ರಣ ಯಾರ ಹೊಣೆ. ಅವನು ತಲೆಯಾಡಿಸುತ್ತಲೇ ವೈರು ಹಿಡಿದು ಕಿಟಕಿ, ಗೋಡೆ, ಟೆರೇಸು ಅಂತ ನಡೆದ. ಹಿಂದೆ ನಾನು, ನನ್ನ ಹಿಂದೆ ಹೆಂಡತಿ, ಸಂಡಿಗೆ ತಿರುವಿ ಹಾಕಲು ಅಮ್ಮ. ಛತ್ರಿಯ ಹತ್ತಿರ ಬಂದು ಅವನು ನಿಂತ.

ಕಂಬದಿಂದ ನಮ್ಮನೆಗೆ ಬರುವ ಆ ತೆಳ್ಳನೆ ಕರಿ ವೈರನ್ನು ಛತ್ರಿಯ ಹಿಡಿಗೆ ಎರಡು ಸುತ್ತು ಸುತ್ತಿ, ಮಡಚಿ, ಮೇಲೆ ಸುತಲಿ ಬಿಗಿದಿತ್ತು. ಗಂಟು ಬಹಳ ಚೆನ್ನಾಗಿತ್ತು.

"ಇದು ಬಟ್ಟೆ ಒಣಗಿಸೋ ಹಗ್ಗ ಅಲ್ಲ ಸಾರ್, ಗಾಜು" ಅಂದ ಹುಡುಗ. ಒಳಗಿರುವ ಗಾಜಿನ ಎಳೆ ಮಿಲಿಮೀಟರಿನ ಎಂಟನೇ ಒಂದು ಭಾಗದಷ್ಟು ದಪ್ಪವಂತೆ. ಅದರ ನಟ್ಟನಡುವೆ, ತಲೆಗೂದಲಿಗಿಂತ ಎಷ್ಟೋ ತೆಳುವಾದ ತಿರುಳಿನಲ್ಲಿ, ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಬೆಳಕು ಓಡುತ್ತದೆ. ನಿಧಾನವಾಗಿ ಬಳುಕಿಸಿದರೆ ಅದೂ ಬಳುಕುತ್ತದೆ. ಮಡಚಿದರೆ ತಿರುವಿನಲ್ಲೇ ಹೊರಕ್ಕೆ ಸೋರಿಹೋಗುತ್ತದೆ. ಅಲ್ಲಿಗೆ ಸಾಗರಗಳನ್ನು ದಾಟಿ ಬಂದ ಬೆಳಕು ಕೊನೆಯ ಹದಿನೈದು ಅಡಿಯಲ್ಲಿ ನನ್ನ ಸುತಲಿಗೆ ಸಿಕ್ಕಿ ಪ್ರಾಣ ಬಿಟ್ಟಿತ್ತು.

"ಯಾರು ಸಾರ್ ಇದನ್ನ ಕಟ್ಟಿದ್ದು?"

ನಾನು ಯಡಿಯೂರು ಕೆರೆ ಕಡೆ ಹಾರುತ್ತಿದ್ದ ಹಕ್ಕಿಗಳನ್ನು ನೋಡತೊಡಗಿದೆ. ಹೆಂಡತಿ ನನ್ನನ್ನು ನೋಡಿದಳು. ಅಮ್ಮ ಸಂಡಿಗೆಯಿಂದ ತಲೆ ಎತ್ತದೆಯೇ ಹೇಳಿದರು:

"ಅಳಿಲು ಇರಬೇಕು ಕಣಪ್ಪ."

ಸುತಲಿ ಬಿಚ್ಚಿದ, ವೈರು ಸಡಿಲಿಸಿದ. ಕೆಳಗೆ ಹಸಿರು ದೀಪ ಬಂತು. ಆವತ್ತಾದರೂ ಸತ್ಯ ಹೇಳೋಣವೆಂದು ಮ್ಯಾನೇಜರಿಗೆ ಫೋನ್ ಮಾಡಿ ಅರಳು ಸಂಡಿಗೆ, ಕಾಗೆ, ಅಪ್ಪನ ಛತ್ರಿ, ಬೆಳಕಿನ ವೇಗ ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ. ಅವರು ಪೂರ್ತಿ ಕೇಳಿ, "ಪರಿಷೆಯೇ ಚೆನ್ನಾಗಿತ್ತು ಕಣ್ರೀ, ನಂಬೋ ಹಾಗಿತ್ತು" ಎಂದು ಅರ್ಧ ದಿನದ ರಜೆ ಹಾಕಿದರು.

ಆದ್ದರಿಂದ ಓದುಗ ಬಂಧುಗಳೇ, ಮನೆಯಲ್ಲಿ ನೆಟ್ ಹೋದರೆ ದೂರು ಕೊಡುವ ಮುಂಚೆ ಒಮ್ಮೆ ಟೆರೇಸಿಗೆ ಹೋಗಿ ಬನ್ನಿ. ಅಲ್ಲಿ ಛತ್ರಿ ಕಂಡರೆ ಸದ್ದಿಲ್ಲದೆ ಬಿಚ್ಚಿ. ಸಂಡಿಗೆ ಕಾಯಲು ನೀವೇ ಕೂತುಕೊಳ್ಳಿ.