ಗಿಲ್ಲೆಸುಗೂರು ಚೂರ್ಣಲೇಪನ ಮೀಮಾಂಸೆ

ಶಾಸ್ತ್ರ ಹೇಳುವ ಮೊದಲು ಅದಕ್ಕೆ ಅಧಿಕಾರಿ ಯಾರೆಂದು ಹೇಳುವುದು ರೂಢಿ. ಮನೆ ಮುಂದೆ ಹಳೇ ಕಾರು ನಿಂತಿರಬೇಕು, ಅದರ ಬ್ಯಾಟರಿ ಕ್ಲ್ಯಾಂಪ್ ತುಕ್ಕು ತಿಂದಿರಬೇಕು, ರಾಯಚೂರಿಗೆ ಹೋಗಿ ಕೋಟಿಂಗ್ ಮಾಡಿಸಲು ಜೇಬು ಒಪ್ಪಬಾರದು. ಇಷ್ಟಿದ್ದರೆ ಗಿಲ್ಲೆಸುಗೂರಿನ ಯಾವ ಗೃಹಸ್ಥನೂ ಅಧಿಕಾರಿಯೇ. ವಿಷಯ, ಮನೆಯಲ್ಲೇ ಪೌಡರ್ ಕೋಟಿಂಗ್, ಅಂದರೆ ಲೋಹಕ್ಕೆ ಬಣ್ಣದ ಪುಡಿ ಹತ್ತಿಸಿ ಓವನ್‌ನಲ್ಲಿ ಬೇಯಿಸುವುದು. ಪ್ರಯೋಜನ, ಪಕ್ಕದ ಮನೆಯವನ ಹೊಟ್ಟೆಯುರಿ.

ಈಗ ಪೂರ್ವಪಕ್ಷ. ಕಟ್ಟೆಯ ಮೇಲಿನ ಹಿರಿಯರ ವಾದ ಹೀಗಿದೆ: “ಓವನ್ ಯಾಕ ಬೇಕೋ ತಮ್ಮಾ? ಬ್ಯಾಸಿಗ್ಯಾಗ ಮಾಳಿಗಿ ಮ್ಯಾಲ ಇಡು, ತಾನಾ ಬೇಯ್ತದ.” ಮೇ ತಿಂಗಳಲ್ಲಿ ನಮ್ಮ ಸೀಮೆ 40 ಡಿಗ್ರಿ ದಾಟುವುದರಿಂದ ಈ ವಾದಕ್ಕೆ ಪ್ರತ್ಯಕ್ಷ ಪ್ರಮಾಣವಿದೆ. ಆದರೂ ನಿಲ್ಲದು. ಪುಡಿ ಕರಗಿ ಹರಡಿ, ಅದರ ರಾಳ ಒಳಗೊಳಗೇ ಹೆಣೆದುಕೊಳ್ಳಬೇಕಾದರೆ ಲೋಹವೇ 180ರಿಂದ 200 ಡಿಗ್ರಿ ಮುಟ್ಟಿ 10ರಿಂದ 20 ನಿಮಿಷ ಹಾಗೇ ಇರಬೇಕು. ನಾಲ್ಕು ರಾಯಚೂರು ಕೂಡಿಸಿದರೂ ಲೆಕ್ಕ 160ಕ್ಕೇ ನಿಲ್ಲುತ್ತದೆ. ಐದನೆಯದಕ್ಕೆ ದೇವದುರ್ಗವನ್ನು ಕೈಗಡ ತರಬೇಕು.

ಇತಿಹಾಸಜ್ಞರದು ಬೇರೆ ತಕರಾರು. ಕೃಷ್ಣೆಯಾಚೆಯ ಉತ್ನೂರಿನಲ್ಲಿ 1957ರಲ್ಲಿ ಪುರಾತತ್ವಜ್ಞ ಆಲ್ಚಿನ್ ಅಗೆಸಿದ ಬೂದಿದಿಬ್ಬ ನೋಡಿ, ನವಶಿಲಾಯುಗದ ದನಗಾಹಿಗಳು ಸಗಣಿಗೆ ಬೆಂಕಿಯಿಟ್ಟ ಜಾಗವದು. ಇಂಥ ದಿಬ್ಬಗಳಲ್ಲಿ ಬೂದಿಯೇ ಕರಗಿ ಕಿಟ್ಟಗಟ್ಟಿದ್ದುಂಟು. ಆದ್ದರಿಂದ ಪುಡಿಯನ್ನು ಬೇಯಿಸುವ ವಿದ್ಯೆ ನಮ್ಮದು, 1950ರ ದಶಕದಲ್ಲಿ ಜರ್ಮನಿಯ ಎರ್ವಿನ್ ಗೆಮ್ಮರ್ ಕಾದ ಲೋಹವನ್ನು ಪ್ಲಾಸ್ಟಿಕ್ ಪುಡಿಯಲ್ಲಿ ಅದ್ದಿದ್ದು ಬರೀ ನಕಲು ಎನ್ನುತ್ತಾರೆ. ಸಗಣಿ ಬೆಂಕಿಗೆ ಥರ್ಮೋಸ್ಟಾಟ್ ಇರಲಿಲ್ಲವಾದ್ದರಿಂದ ಈ ಹಕ್ಕನ್ನು ಸದ್ಯಕ್ಕೆ ಬದಿಗಿಡೋಣ.

ಇನ್ನು ವಿಧಿ. ರಬ್ಬರು, ಬುಷ್, ಬೇರಿಂಗ್ ಮೊದಲು ಬಿಚ್ಚತಕ್ಕದ್ದು. ಜಿಡ್ಡು ತೆಗೆದು ಬರೀ ಲೋಹ ಕಾಣುವಂತೆ ಉಜ್ಜತಕ್ಕದ್ದು. ತುಂಗಭದ್ರೆ ಹತ್ತಿರವೆಂದು ಅವಳ ಮರಳನ್ನೇ ಕಂಪ್ರೆಸರಿನಿಂದ ಊದುವವರಿದ್ದಾರೆ. ಆ ದೂಳಿನ ಸಿಲಿಕಾ ಶ್ವಾಸಕೋಶಕ್ಕೆ ಕೂತರೆ ಎದ್ದು ಬರುವುದಿಲ್ಲ. ಬಳಿಕ ಬಿಡಿಭಾಗವನ್ನು ತಂತಿಯಲ್ಲಿ ತೂಗುಹಾಕಿ, ಅರ್ಥಿಂಗ್ ಕ್ಲಿಪ್ ಕಚ್ಚಿಸಿ, ಪುಡಿ ಊದುವ ಗನ್ ಹಿಡಿಯಬೇಕು. ವಿದ್ಯುತ್ ಆವೇಶ ಪಡೆದ ಪುಡಿ ಎದುರಿಗಷ್ಟೇ ಅಲ್ಲ, ಸುತ್ತಿ ಹೋಗಿ ಬೆನ್ನಿಗೂ ಹತ್ತುತ್ತದೆ. ಒಳಮೂಲೆಗೆ ಮಾತ್ರ ಎಷ್ಟು ಕರೆದರೂ ಹೋಗದು. ಬೇಯುವ ತನಕ ಅದು ಹಣೆಯ ವಿಭೂತಿಯ ಹಾಗೆ, ಬೆರಳು ತಾಕಿದರೆ ಅಳಿಸಿತು. ಗಾಳಿಯಲ್ಲಿ ದಟ್ಟವಾಗಿ ಹಾರುವ ಈ ಪುಡಿ ಕಿಡಿ ಸಿಕ್ಕರೆ ಸಿಡಿಯುತ್ತದೆ. ಆದ್ದರಿಂದ ಒಲೆ ಹೊತ್ತಿರುವ ಕೋಣೆಯಲ್ಲಿ, ಬೀಡಿ ಸೇದುವ ಮಾವನ ಸಮ್ಮುಖದಲ್ಲಿ ಈ ಕರ್ಮ ನಿಷಿದ್ಧ.

ಕಡೆಯ ಪ್ರಕರಣ ಗೃಹಿಣಿಯದು: “ನಾ ಬಿಸ್ಕೀಟ್ ಮಾಡೋ ಓವನ್‌ದಾಗ ಕಬ್ಬಣ ಇಟ್ಟಿ ಅಂದ್ರ, ನಿನಗ ರೊಟ್ಟಿ ಇಲ್ಲ.” ಇದಕ್ಕೆ ಖಂಡನೆಯಿಲ್ಲ, ಶಾಸ್ತ್ರವೂ ಅವಳ ಕಡೆಗೇ ಇದೆ. ಪುಡಿ ಬೇಯಿಸಿದ ಓವನ್‌ನಲ್ಲಿ ಮತ್ತೆ ಅಡುಗೆ ಮಾಡಬಾರದು. ಹಳೇದೊಂದು ಬೇರೆ ಕೊಂಡು ಅಂಗಳದ ಚಪ್ಪರದಡಿ ಇಡಿ, ಮುಖಗವಸು ಹಾಕಿಕೊಳ್ಳಿ. ಕ್ಲ್ಯಾಂಪು, ಬ್ರಾಕೆಟ್ಟು ಅದರಲ್ಲಿ ಬೇಯುತ್ತವೆ. ಕಾರಿನ ರಿಮ್ ಅದರ ಬಾಗಿಲಲ್ಲೇ ತೂರುವುದಿಲ್ಲ. ಅದಕ್ಕೆ ರಾಯಚೂರಿನ ಬಸ್ಸನ್ನೇ ಹತ್ತಿ.